ಕಲ್ಲು ನೆಟ್ಟ ಹೊಲಗಳು: ಹುಮನಾಬಾದ್–ಬಸವಕಲ್ಯಾಣದಲ್ಲಿ ಪ್ಲಾಟು ಕೊಳ್ಳುವ ಮುನ್ನ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಎರಡೂ ಬದಿಗೆ ತೊಗರಿ, ಸೋಯಾ, ಕಬ್ಬು. ಅಲ್ಲಲ್ಲಿ ಏನೂ ಬಿತ್ತದ ಹೊಲವೊಂದು ಎದುರಾಗುತ್ತದೆ. ಅದರ ತುಂಬ ಸುಣ್ಣ ಬಳಿದ ಮೊಳದುದ್ದದ ಕಲ್ಲುಗಳು ಸಾಲು ಹಿಡಿದು ನಿಂತಿರುತ್ತವೆ, ಒಂದೊಂದರ ಮೇಲೂ ಬಣ್ಣದಲ್ಲಿ ಬರೆದ ನಂಬರು. ರಸ್ತೆಯಂಚಿಗೆ ಒಂದು ಕಮಾನು, ಕಮಾನಿನ ಮೇಲೆ ಒಂದು ‘ನಗರ’ದ ಹೆಸರು. ಆ ನಗರದಲ್ಲಿ ಇನ್ನೂ ಮನೆಯಿಲ್ಲ, ನಲ್ಲಿಯಿಲ್ಲ. ಆದರೂ ನಂಬರುಗಳಲ್ಲಿ ಎಷ್ಟೋ ಈಗಾಗಲೇ ಯಾರದೋ ಹೆಸರಿಗೆ ಹೋಗಿರುತ್ತವೆ. ಹೈದರಾಬಾದ್, ಪುಣೆಯಲ್ಲಿ ದುಡಿಯುವ ಮಗ, ನಿವೃತ್ತಿಯ ಹಣ ಕೈಗೆ ಬಂದ ಮಾಸ್ತರರು, ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕ – ಬೀದರ್ ಜಿಲ್ಲೆಯ ಮಧ್ಯಮ ವರ್ಗದ ಉಳಿತಾಯ ಇಂದು ಈ ಕಲ್ಲುಗಳ ನಡುವೆ ಬಿದ್ದಿದೆ.

‘ಇಂಡಸ್ಟ್ರಿ ಬರ್ತಾವ, ರೇಟ್ ಏರ್ತದ’ ಎಂಬುದು ದಲ್ಲಾಳಿಯ ಮಾತು. ಅದರಲ್ಲಿ ನಿಜ ಎಷ್ಟು? ಕೈಗಾರಿಕೆ ಬಂದ ಊರಲ್ಲೆಲ್ಲ ಪ್ಲಾಟಿನ ಬೆಲೆ ಏರಿದೆಯೆ? ಏರಿದ ಲಾಭ ಯಾರಿಗೆ ಸಿಕ್ಕಿದೆ? ಕಾಗದದಲ್ಲಿ ಏನು ನೋಡಬೇಕು, ನೆಲದಲ್ಲಿ ಏನು ನೋಡಬೇಕು? ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡುವುದು ಈ ಲೇಖನದ ಉದ್ದೇಶ.

ಎರಡು ಹೆದ್ದಾರಿ ಕೂಡುವ ಊರು

ಹುಮನಾಬಾದಿನ ಬಲ ಅದರ ಜಾಗದಲ್ಲಿದೆ. ಪುಣೆ–ಸೊಲ್ಲಾಪುರ–ಹೈದರಾಬಾದ್ ಮಾರ್ಗವಾದ ರಾಷ್ಟ್ರೀಯ ಹೆದ್ದಾರಿ 65, ಬೀದರ್–ಕಲಬುರಗಿ–ವಿಜಯಪುರದ ದಿಕ್ಕಿಗೆ ಹೋಗುವ ಹೆದ್ದಾರಿ 50 ಇಲ್ಲಿ ಕೂಡುತ್ತವೆ. ಪೂರ್ವಕ್ಕೆ ಹೈದರಾಬಾದ್ ಸುಮಾರು 150 ಕಿ.ಮೀ., ದಕ್ಷಿಣಕ್ಕೆ ಕಲಬುರಗಿ ಸುಮಾರು 60 ಕಿ.ಮೀ. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಊರಿಗೆ ರೈಲೂ ಬಂತು. ದಶಕಗಳ ಕಾಲ ಬೇಡಿಕೆಯಾಗಿಯೇ ಉಳಿದಿದ್ದ ಮಾರ್ಗ ಅದು.

ಇಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ, ಅಂದರೆ ಕೆಐಎಡಿಬಿಯ, ಕೈಗಾರಿಕಾ ಪ್ರದೇಶವಿದೆ. ಔಷಧಕ್ಕೆ ಬೇಕಾದ ಕಚ್ಚಾ ರಾಸಾಯನಿಕ ತಯಾರಿಸುವ ಘಟಕಗಳೇ ಅಲ್ಲಿ ಎದ್ದು ಕಾಣುತ್ತವೆ. ಔಷಧ ಉದ್ಯಮದ ದೊಡ್ಡ ಕೇಂದ್ರ ಹೈದರಾಬಾದ್ ಮೂರು ಗಂಟೆಯ ದಾರಿ. ಹಿಂದುಳಿದ ತಾಲ್ಲೂಕುಗಳಿಗೆ ರಾಜ್ಯದ ಕೈಗಾರಿಕಾ ನೀತಿಗಳು ಹೆಚ್ಚಿನ ರಿಯಾಯಿತಿ ಕೊಡುತ್ತ ಬಂದಿವೆ. ಈ ಎರಡೂ ಆ ಘಟಕಗಳನ್ನು ಇಲ್ಲಿಗೆ ಎಳೆದವು.

ಬಸವಕಲ್ಯಾಣದ ಗುಣ ಬೇರೆ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 70 ಸಾವಿರ, ಹುಮನಾಬಾದಿನದು ಸುಮಾರು 44 ಸಾವಿರ. ಊರು ದೊಡ್ಡದಾದರೂ ಬಸವಕಲ್ಯಾಣ ಹೆದ್ದಾರಿಯಿಂದ ಒಳಗಿದೆ. ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಊರಿಗೆ ಹೋಗಬೇಕು. ಅಲ್ಲಿನ ದುಡಿಮೆಯ ಬೆನ್ನೆಲುಬು ಲಾರಿ: ಮಾಲೀಕರು, ಚಾಲಕರು, ಗ್ಯಾರೇಜು, ಬಾಡಿ ಕಟ್ಟುವವರು, ಹಳೆ ಬಿಡಿಭಾಗ ಮಾರುವವರು. ಇದರ ಜೊತೆಗೆ ಶರಣರ ಕ್ಷೇತ್ರವೆಂಬ ಹೆಸರು. 2005ರಲ್ಲಿ ಬಸವಕಲ್ಯಾಣ ಅಭಿವೃದ್ಧಿ ಮಂಡಳಿ ರಚನೆಯಾಯಿತು. 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಆಗ ಹೇಳಿದ ಅಂದಾಜು ವೆಚ್ಚ 500 ಕೋಟಿ ರೂಪಾಯಿ. ಹುಮನಾಬಾದಿನಲ್ಲಿ ಪ್ಲಾಟನ್ನು ಕಾರ್ಖಾನೆಯ ಹೆಸರಿನಲ್ಲಿ ಮಾರಿದರೆ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಹೆಸರಿನಲ್ಲಿ ಮಾರುತ್ತಾರೆ.

ಜಹೀರಾಬಾದ್ ಎಂಬ ದೊಡ್ಡ ಹೆಸರು

ದಲ್ಲಾಳಿಗಳ ಬಾಯಲ್ಲಿ ಈಗ ಹೆಚ್ಚು ಕೇಳುವ ಹೆಸರು ತೆಲಂಗಾಣದ ಜಹೀರಾಬಾದ್. ಅದಕ್ಕೆ ಆಧಾರವಿದೆ. ಅಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಮೊದಲೇ ಇದೆ. ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ಸುಮಾರು 12,600 ಎಕರೆಯ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ದೇಶದಲ್ಲಿ 12 ಕೈಗಾರಿಕಾ ನಗರಗಳಿಗೆ ಮಂಜೂರಾತಿ ನೀಡಿದಾಗ ಹೈದರಾಬಾದ್–ನಾಗ್ಪುರ ಕಾರಿಡಾರಿನ ಜಹೀರಾಬಾದ್ ಅದರಲ್ಲಿತ್ತು: 3,245 ಎಕರೆ, 2,361 ಕೋಟಿ ರೂಪಾಯಿ.

ಈ ಅಂಕಿಗಳನ್ನು ಎರಡು ಸಲ ಓದಬೇಕು. 2016ರ ಒಪ್ಪಿಗೆಯಿಂದ 2024ರ ಮಂಜೂರಾತಿಗೆ ಎಂಟು ವರ್ಷ ಹಿಡಿಯಿತು. ಅದಾದ ಮೇಲೆ ರಸ್ತೆ, ನೀರು, ವಿದ್ಯುತ್ತು, ಆಮೇಲೆ ಕಾರ್ಖಾನೆ, ಆಮೇಲೆ ಕೆಲಸಗಾರ. ಆ ಕೆಲಸಗಾರ ಮನೆ ಮಾಡುವುದೆಲ್ಲಿ? ಮೊದಲು ಜಹೀರಾಬಾದಿನಲ್ಲಿ, ಅಲ್ಲಿ ತುಂಬಿದರೆ 30 ಕಿ.ಮೀ. ದೂರದ ಬೀದರಿನಲ್ಲಿ. ಸುಮಾರು 50 ಕಿ.ಮೀ. ಆಚೆಯ ಹುಮನಾಬಾದಿಗೆ ಬರುವುದು ಕಡೆಯಲ್ಲಿ, ಬಸವಕಲ್ಯಾಣಕ್ಕೆ ಅದರಾಚೆ. ಜಹೀರಾಬಾದ್ ಬೆಳೆದರೆ ಹುಮನಾಬಾದಿನ ಲಾರಿ, ಗೋದಾಮು, ಧಾಬಾಗಳಿಗೆ ಖಂಡಿತ ವ್ಯಾಪಾರ ಹೆಚ್ಚುತ್ತದೆ. ವಾಸದ ಮನೆಗೆ ಅದೇ ವೇಗದಲ್ಲಿ ಬೇಡಿಕೆ ಬರುತ್ತದೆಂದು ನಂಬಿ ಸಾಲ ಮಾಡುವುದು ಬೇರೆ ಮಾತು.

ಬಂದದ್ದು, ಬಾರದ್ದು

ಕೈಗಾರಿಕೆಯ ಘೋಷಣೆಗೂ ಕೈಗಾರಿಕೆಗೂ ನಡುವಿನ ಅಂತರವನ್ನು ಕಲ್ಯಾಣ ಕರ್ನಾಟಕ ಕಣ್ಣಾರೆ ಕಂಡಿದೆ. ಬಳ್ಳಾರಿ ಜಿಲ್ಲೆಯ ಕುಡತಿನಿ, ವೇಣಿವೀರಾಪುರ, ಹರಗಿನದೋಣಿ ಭಾಗದಲ್ಲಿ 2010ರ ಹೊತ್ತಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಸ್ವಾಧೀನವಾಯಿತು. ಹೇಳಿದ ಕಾರ್ಖಾನೆಗಳು ಏಳಲಿಲ್ಲ. ಭೂಮಿ ಕೊಟ್ಟ ರೈತರು ಬೆಲೆಗಾಗಿ, ಉದ್ಯೋಗಕ್ಕಾಗಿ ಧರಣಿ ಕೂತರು. ಅದೇ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಿಜವಾಗಿ ಎದ್ದಿತು, ಸುತ್ತಲಿನ ಊರುಗಳ ಚಹರೆಯೇ ಬದಲಾಯಿತು. ಒಂದೇ ಜಿಲ್ಲೆ, ಒಂದೇ ಮಣ್ಣು. ಬೆಂಕಿ ಹೊತ್ತಿದ ಕುಲುಮೆ ಇದ್ದಲ್ಲಿ ಮಾತ್ರ ಬಾಡಿಗೆದಾರ ಬಂದ.

ಕಾರ್ಖಾನೆ ಬಂದು ಹೋಗುವುದೂ ಉಂಟು. ಕಲಬುರಗಿ ಜಿಲ್ಲೆಯ ಶಹಾಬಾದ್ ಒಂದು ಕಾಲಕ್ಕೆ ಸಿಮೆಂಟಿನಿಂದ ಕಳೆಕಟ್ಟಿದ್ದ ಊರು. ಅಲ್ಲಿನ ಹಳೆ ಸಿಮೆಂಟು ಕಾರ್ಖಾನೆ ನಿಂತ ಮೇಲೆ ಪೇಟೆ ಸೊರಗಿತು. ಹುಮನಾಬಾದ್ ತಾಲ್ಲೂಕಿನವರಿಗೆ ಇದನ್ನು ದೂರದಿಂದ ತೋರಿಸಬೇಕಿಲ್ಲ. ಹಳ್ಳಿಖೇಡ (ಬಿ) ಬಳಿಯ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ನುರಿಸದೆ ನಿಂತಾಗ ಸುತ್ತಲಿನ ವ್ಯವಹಾರ ಹೇಗೆ ಬಾಡಿತು ಎಂಬುದು ಅಲ್ಲಿಯ ರೈತರಿಗೆ ಗೊತ್ತು.

ಇನ್ನೊಂದು ಪಾಠ ದೇವನಹಳ್ಳಿಯದು. ಕೈಗಾರಿಕಾ ಪಾರ್ಕಿಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನಕ್ಕೆ ಅಧಿಸೂಚನೆ ಹೊರಟಿತ್ತು. ಮೂರು ವರ್ಷಕ್ಕೂ ಮೀರಿದ ರೈತ ಹೋರಾಟದ ನಂತರ 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ರೈತರಿಗೆ ಅದು ನ್ಯಾಯ. ಕೈಗಾರಿಕಾ ಪಾರ್ಕ್ ಬಂದೇ ಬರುತ್ತದೆಂದು ಪಕ್ಕದಲ್ಲಿ ಪ್ಲಾಟು ಹಿಡಿದವರಿಗೆ ಎಚ್ಚರಿಕೆ. ಅಧಿಸೂಚನೆಯನ್ನು ನಂಬಿ ಕೊಟ್ಟ ಬೆಲೆ ಅಧಿಸೂಚನೆ ಹೋದರೆ ವಾಪಸು ಬರುವುದಿಲ್ಲ.

ಇದರ ತಿರುವುಮುರುವೂ ಆಗಬಹುದು. 1966ರ ಕೆಐಎಡಿಬಿ ಕಾಯ್ದೆಯ 28ನೇ ಕಲಮಿನಡಿ ಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಟರೆ ನಿಮ್ಮ ಪ್ಲಾಟೇ ಕೈಗಾರಿಕಾ ಪ್ರದೇಶದ ಒಳಗೆ ಸೇರಬಹುದು. ಕಾರ್ಖಾನೆಗೆ ತೀರ ಹತ್ತಿರದ ಸರ್ವೆ ನಂಬರಿನಲ್ಲಿ ಕೊಳ್ಳುವವರು ಮೊದಲು ಕೆಐಎಡಿಬಿ ಕಚೇರಿಯಲ್ಲಿ ವಿಚಾರಿಸಬೇಕು.

ಗಾಳಿ, ನೀರು, ಮಣ್ಣು

ರಾಸಾಯನಿಕ ಕಾರ್ಖಾನೆಗೆ ಹತ್ತಿರವಿರುವುದು ಗೋದಾಮಿಗೆ ಅನುಕೂಲ, ಸಂಸಾರಕ್ಕೆ ಅಲ್ಲ. ಔಷಧದ ಕಚ್ಚಾ ವಸ್ತು ತಯಾರಿಸುವ ಘಟಕಗಳು ಮಾಲಿನ್ಯ ನಿಯಂತ್ರಣದ ಲೆಕ್ಕದಲ್ಲಿ ಕೆಂಪು ವರ್ಗಕ್ಕೆ ಸೇರುತ್ತವೆ. ಹುಮನಾಬಾದ್ ಕೈಗಾರಿಕಾ ಪ್ರದೇಶದ ಸುತ್ತ, ಗಡವಂತಿ, ಮಾಣಿಕನಗರದ ಕಡೆಯ ಜನ ದುರ್ವಾಸನೆ ಮತ್ತು ಕೆಟ್ಟ ನೀರಿನ ಬಗ್ಗೆ ವರ್ಷಗಳಿಂದ ದೂರು ಹೇಳುತ್ತ ಬಂದಿದ್ದಾರೆ. ಮಾಣಿಕಪ್ರಭುಗಳ ಸಂಸ್ಥಾನವಿರುವ, ದೂರದ ಊರುಗಳಿಂದ ಭಕ್ತರು ಬರುವ ಜಾಗಕ್ಕೇ ಈ ಗತಿಯಾದರೆ ಹೊಸ ಲೇಔಟಿನ ಮಾತೇನು?

ಇದೇ 65ನೇ ಹೆದ್ದಾರಿಯ ಮೇಲೆ ಹೈದರಾಬಾದಿನ ಹತ್ತಿರ ಪಟಾಂಚೆರು ಇದೆ. ಅಲ್ಲಿನ ಔಷಧ, ರಾಸಾಯನಿಕ ಘಟಕಗಳಿಂದ ಕೆರೆ, ಬಾವಿ, ಹೊಲ ಕೆಟ್ಟ ವಿಷಯ 1990ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋಯಿತು. ಆದರೂ ಇವತ್ತು ಅಲ್ಲಿ ಜಾಗಕ್ಕೆ ಬೆಲೆ ಇದೆ ಎಂದು ಯಾರಾದರೂ ವಾದಿಸಬಹುದು. ಇದೆ, ಯಾಕೆಂದರೆ ಹೈದರಾಬಾದ್ ನಗರವೇ ಬೆಳೆದು ಅಲ್ಲಿಗೆ ಬಂತು. 150 ಕಿ.ಮೀ. ದೂರದ ಹುಮನಾಬಾದಿಗೆ ಆ ನಗರ ಬರುವುದಿಲ್ಲ.

ನೀರಿನ ಪ್ರಶ್ನೆ ಇನ್ನೂ ಮೂಲಭೂತ. ಈ ಸೀಮೆಯ ಆಸರೆ ಮಾಂಜ್ರಾದ ಉಪನದಿ ಕಾರಂಜಾ. ಬಸವಕಲ್ಯಾಣದ ಕಡೆಗೆ ಚುಳಕಿನಾಲಾ, ಮುಲ್ಲಾಮಾರಿ. ಮಳೆ ಕೈಕೊಟ್ಟ ವರ್ಷ ಪಟ್ಟಣದ ಹಳೆ ಬಡಾವಣೆಗಳಿಗೇ ಟ್ಯಾಂಕರು ಓಡುತ್ತದೆ. ಊರಾಚೆಯ ಲೇಔಟಿಗೆ ಪುರಸಭೆ, ನಗರಸಭೆಯ ಕೊಳವೆ ಯಾವಾಗ ತಲುಪೀತು? ಬೋರ್‌ವೆಲ್ ತೋರಿಸಿ ಮಾರುವವರಿದ್ದಾರೆ. ಆ ಬೋರಿನ ನೀರನ್ನು ಪರೀಕ್ಷೆಗೆ ಕೊಡದೆ, ವೈಶಾಖದಲ್ಲಿ ಅದು ಎಷ್ಟು ಹೊತ್ತು ಎತ್ತುತ್ತದೆಂದು ನೋಡದೆ ನಂಬಬಾರದು. ಮಣ್ಣನ್ನೂ ನೋಡಬೇಕು. ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಪಾಯ ಸುಲಭ. ಎರೆ ಹೊಲ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ. ಅಲ್ಲಿ ಪಾಯದ ಖರ್ಚು ಏರುತ್ತದೆ, ಮಳೆಗಾಲದಲ್ಲಿ ಒಳರಸ್ತೆ ಕೆಸರಾಗುತ್ತದೆ.

ಮಿತಾಕ್ಷರದ ಊರಿನಲ್ಲಿ ಮಗಳ ಸಹಿ

ಬಸವಕಲ್ಯಾಣದಲ್ಲಿ ಆಸ್ತಿಯ ಮಾತು ಬಂದರೆ ಒಂದು ಹಳೆಯ ಸಂಗತಿಯನ್ನು ನೆನೆಯದೆ ಇರಲಾಗದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿ ‘ಮಿತಾಕ್ಷರಾ’ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ತತ್ವ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಕಾನೂನಿಗೆ ತಳಪಾಯವಾಯಿತು. ಆ ಹಕ್ಕನ್ನು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಹೆಣ್ಣುಮಕ್ಕಳಿಗೂ ವಿಸ್ತರಿಸಿದವು. 2005ರ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂಬ ಷರತ್ತಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು.

ಪ್ಲಾಟು ಕೊಳ್ಳುವವನಿಗೆ ಇದರ ಅರ್ಥ ಸರಳ. ಅಣ್ಣತಮ್ಮಂದಿರು ಸೇರಿ ಲೇಔಟಿಗೆ ಹೊಲ ಕೊಟ್ಟಿದ್ದಾರೆ, ಅಕ್ಕತಂಗಿಯರ ಸಹಿ ಇಲ್ಲ ಎಂದಾದರೆ ಹತ್ತು ವರ್ಷದ ಮೇಲೂ ಪಾಲಿನ ದಾವೆ ಬೀಳಬಹುದು. ‘ಲಗ್ನ ಮಾಡಿ ಕೊಟ್ಟೀವಿ, ಅವರದೇನಿಲ್ಲ’ ಎಂಬ ಮಾತನ್ನು ನ್ಯಾಯಾಲಯ ಒಪ್ಪುವುದಿಲ್ಲ. ವಂಶಾವಳಿ ತರಿಸಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯೇ ಎಂದು ಊರಲ್ಲಿ ವಿಚಾರಿಸಬೇಕು. ಇದರಿಂದ ಕೊಳ್ಳುವವನ ಹಣ ಉಳಿಯುತ್ತದೆ, ಹೆಣ್ಣುಮಕ್ಕಳ ನ್ಯಾಯವೂ ಉಳಿಯುತ್ತದೆ.

ಕಾಗದದ ದಾರಿ

1956ರವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಇಲ್ಲಿ ಜಮೀನಿನ ಮೂಲ ಹುಡುಕುವವರು 1954–55ರ ಖಾಸ್ರಾ ಪಹಣಿಯವರೆಗೆ ಹೋಗುತ್ತಾರೆ. ಅದರ ಹಿಂದಿನ ದಾಖಲೆಗಳು ಉರ್ದುವಿನಲ್ಲಿರುತ್ತವೆ. ಇನಾಂ ಜಮೀನು, ಗಾಯರಾಣ, ದೇವಸ್ಥಾನ ಅಥವಾ ವಕ್ಫ್ ಆಸ್ತಿ, ಹಿಂದಿನ ಗೇಣಿದಾರನ ಹಕ್ಕು – ಇವೆಲ್ಲದರ ಸುಳಿವು ಸಿಗುವುದು ಅಲ್ಲಿಯೇ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಅನುಮತಿಯಿಲ್ಲದೆ ಪರಭಾರೆಯಾಗಿದ್ದರೆ ಮೂಲ ಕುಟುಂಬ ಅದನ್ನು ವಾಪಸು ಕೇಳಬಹುದು. 2023ರ ತಿದ್ದುಪಡಿಯ ಬಳಿಕ ಹಾಗೆ ಕೇಳಲು ಕಾಯ್ದೆಯಲ್ಲಿ ಕಾಲಮಿತಿಯೂ ಇಲ್ಲ.

ಮುಂದಿನ ಮೆಟ್ಟಿಲು ಎನ್.ಎ., ಅಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿಯೇತರ ಬಳಕೆಗೆ ಪರಿವರ್ತನೆ. ಎನ್.ಎ. ಆದೇಶವೊಂದೇ ಸಾಲದು. ಅದು ವಾಸಕ್ಕೆ ಆಗಿದೆಯೇ, ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಇದೆಯೇ, ರಸ್ತೆ ಮತ್ತು ಉದ್ಯಾನದ ಜಾಗ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೇ ನೋಡಬೇಕು. ಗುಂಟೆ ಲೆಕ್ಕದಲ್ಲಿ ಹೊಲ ತುಂಡು ಮಾಡಿ ಪಹಣಿಯ ಮೇಲೆಯೇ ಮಾರುವ ‘ಗುಂಟಾ ಪ್ಲಾಟು’ ಅಗ್ಗ ಕಾಣುತ್ತದೆ. ಅಲ್ಲಿ ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ.

ಹಳ್ಳಿಯ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. 11ಬಿ ತೋರಿಸಿ ‘ಪಂಚಾಯಿತಿ ಖಾತಾ ಆಗೇದ’ ಎನ್ನುವವರಿದ್ದಾರೆ. ತೆರಿಗೆ ವಸೂಲಿಗೆ ಬರೆದುಕೊಂಡ ಆ ನಮೂನೆ ಲೇಔಟನ್ನು ಸಕ್ರಮ ಮಾಡುವುದಿಲ್ಲ. ಪಟ್ಟಣದಲ್ಲಾದರೆ ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗದು. 500 ಚದರ ಮೀಟರಿಗಿಂತ ದೊಡ್ಡ ಅಥವಾ ಎಂಟಕ್ಕಿಂತ ಹೆಚ್ಚು ಪ್ಲಾಟುಗಳಿರುವ ಲೇಔಟು 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಲೇಬೇಕು. ಅದೇ ಕಾಯ್ದೆಯ ಪ್ರಕಾರ ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ನಮ್ಮಲ್ಲಿ ಬಾಂಡ್ ಪೇಪರಿನ ಮೇಲೆ ಅರ್ಧ ಹಣ ಎಣಿಸಿ ಕೊಡುವ ರೂಢಿ ಇನ್ನೂ ನಡೆದಿದೆ. ಜಿಪಿಎ, ಅಂದರೆ ಅಧಿಕಾರಪತ್ರ, ಬರೆಸಿಕೊಂಡರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರಷ್ಟು ಹಿಂದೆಯೇ.

ಇಷ್ಟೆಲ್ಲ ನೋಡಲು ಹೈದರಾಬಾದಿನಿಂದ ರಜೆ ಹಾಕಿ ಬರಬೇಕಿಲ್ಲ. ಪಹಣಿ, ಮ್ಯುಟೇಶನ್ ‘ಭೂಮಿ’ಯಲ್ಲಿವೆ. ಋಣಭಾರ ಪತ್ರ ‘ಕಾವೇರಿ’ಯಲ್ಲಿ ಸಿಗುತ್ತದೆ. ‘ದಿಶಾಂಕ್’ ಆ್ಯಪ್ ಹಿಡಿದು ಪ್ಲಾಟಿನ ಮೇಲೆ ನಿಂತರೆ ನೀವು ನಿಂತ ಸರ್ವೆ ನಂಬರು ಯಾವುದೆಂದು ತೋರಿಸುತ್ತದೆ. ಕಾಗದದ ನಂಬರು ಒಂದು, ಕಲ್ಲು ನೆಟ್ಟ ಹೊಲ ಇನ್ನೊಂದು ಎಂಬ ಮೋಸವನ್ನು ಹಿಡಿಯಲು ಅಷ್ಟು ಸಾಕು.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ 30×40ರ ಪ್ಲಾಟೊಂದನ್ನು 8 ಲಕ್ಷಕ್ಕೆ ಕೊಂಡಿರಿ ಎನ್ನಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಎಲ್ಲ ಸೇರಿ ಸುಮಾರು 60 ಸಾವಿರ. ಕೈಯಿಂದ ಹೋದದ್ದು 8.6 ಲಕ್ಷ. ಇದೇ ಹಣ ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿದ್ದರೆ ಹತ್ತು ವರ್ಷಕ್ಕೆ 17 ಲಕ್ಷದ ಹತ್ತಿರ ಹೋಗುತ್ತದೆ. ಅಂದರೆ ಪ್ಲಾಟು ಹತ್ತು ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಬೆಳೆದರೆ ಮಾತ್ರ ಬ್ಯಾಂಕನ್ನು ಮೀರಿಸಿತು. ಬಡ್ಡಿಗೂ ಮಾರಾಟದ ಲಾಭಕ್ಕೂ ತೆರಿಗೆ ಉಂಟು. ಪ್ಲಾಟಿಗೆ ಬೇಲಿ, ಕಾವಲು, ದಲ್ಲಾಳಿಯ ಪಾಲು ಬೇರೆ. ಎಲ್ಲಕ್ಕಿಂತ ಮುಖ್ಯ, ಬೇಕೆಂದಾಗ ಕೊಳ್ಳುವವನು ಸಿಗಬೇಕು. ಮಗಳ ಮದುವೆಗೋ ಆಸ್ಪತ್ರೆಗೋ ತುರ್ತಾಗಿ ಮಾರಲು ಹೋದವರಿಗೆ ಪೇಟೆಯ ‘ರೇಟು’ ಕೈಗೆ ಸಿಗುವುದು ಅಪರೂಪ.

ಹಾಗಾದರೆ ಬೆಲೆ ನಿಜವಾಗಿ ಏರುತ್ತದೆಯೇ ಎಂದು ಅಳೆಯುವುದು ಹೇಗೆ? ನನ್ನ ಮಟ್ಟಿಗೆ ಒಂದೇ ಅಳತೆ ಇದೆ: ಬಾಡಿಗೆ. ಆ ಪ್ಲಾಟಿನ ಅರ್ಧ ಕಿಲೋಮೀಟರಿನೊಳಗೆ ಎಷ್ಟು ಮನೆಗಳಲ್ಲಿ ಬಾಡಿಗೆಯ ಕುಟುಂಬಗಳಿವೆ, ಅವರು ಎಲ್ಲಿ ದುಡಿಯುತ್ತಾರೆ? ರಾಸಾಯನಿಕ ಘಟಕಗಳಿಗೆ ಎಕರೆಗಟ್ಟಲೆ ಜಾಗ ಬೇಕು, ಆದರೆ ಸಿದ್ಧ ಉಡುಪಿನ ಕಾರ್ಖಾನೆಯಂತೆ ಸಾವಿರಾರು ಕೈಗಳು ಬೇಕಾಗುವುದಿಲ್ಲ. ಇರುವ ಕೆಲಸಗಾರರಲ್ಲಿ ಗುತ್ತಿಗೆಯವರು, ಹೊರ ರಾಜ್ಯದವರು ನಾಲ್ಕೈದು ಜನ ಕೂಡಿ ಊರೊಳಗೆ ಒಂದು ರೂಮು ಹಿಡಿಯುತ್ತಾರೆ. ಅವರಿಗೆ ಬಸ್ ನಿಲ್ದಾಣ, ಕಿರಾಣಿ, ದವಾಖಾನೆ ಹತ್ತಿರ ಬೇಕು. ಆದ್ದರಿಂದ ಹೊಲದ ನಡುವಿನ ನಾಲ್ಕು ಪ್ಲಾಟಿಗಿಂತ ಊರೊಳಗಿನ ಒಂದು ಸಣ್ಣ ಜಾಗದಲ್ಲಿ ನಾಲ್ಕು ಕೋಣೆ ಕಟ್ಟಿದವರು ಮೊದಲ ತಿಂಗಳಿಂದಲೇ ದುಡ್ಡು ಕಾಣುತ್ತಾರೆ. ಬಸವಕಲ್ಯಾಣದಲ್ಲೂ ಯಾತ್ರಿಕ ಒಂದು ರಾತ್ರಿ ತಂಗುತ್ತಾನೆ, ಪ್ಲಾಟು ಕೊಳ್ಳುವುದಿಲ್ಲ. ಅಲ್ಲಿ ಊರನ್ನು ಬೆಳೆಸುತ್ತಿರುವುದು ಮಕ್ಕಳ ಶಾಲೆಗೆಂದು ಸುತ್ತಲಿನ ಹಳ್ಳಿಗಳಿಂದ ಬರುವ ಸಂಸಾರಗಳು ಮತ್ತು ಲಾರಿ ಉದ್ಯಮ.

ಹೊಲ ಮಾರಿದವನ ಮಾತು

ಈ ಸಮೀಕ್ಷೆ ಕೊಳ್ಳುವವನ ಕಡೆಯಿಂದ ಮಾತ್ರ ನಡೆದರೆ ಅರ್ಧವಾಗುತ್ತದೆ. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರ ಅಡಿ. ರಸ್ತೆ, ಉದ್ಯಾನ ಬಿಟ್ಟರೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. 1,200 ಅಡಿಯ ಸುಮಾರು 20 ಪ್ಲಾಟು. ಮಾರುವ ರೈತ ಈ ಗುಣಾಕಾರ ಮಾಡಿ ನೋಡಬೇಕು. ಇಡೀ ಎಕರೆಯನ್ನು ಒಂದೇ ಸಲ ಕೈಬಿಡುವ ಬದಲು ಪ್ಲಾಟುಗಳಲ್ಲಿ ಪಾಲು ಕೇಳುವ ನೋಂದಾಯಿತ ಕರಾರು ಮಾಡಿಕೊಳ್ಳಬಹುದು. ಕಾರಂಜಾ ಜಲಾಶಯಕ್ಕೆ ಭೂಮಿ ಕೊಟ್ಟ ಕುಟುಂಬಗಳು ನ್ಯಾಯಯುತ ಪರಿಹಾರಕ್ಕಾಗಿ ದಶಕಗಳ ನಂತರವೂ ಬೀದರಿನಲ್ಲಿ ಧರಣಿ ಕೂರಬೇಕಾಯಿತು. ನೆಲ ಒಮ್ಮೆ ಹೋದರೆ ಬೆಲೆಯ ಮಾತನ್ನು ಆಮೇಲೆ ಕೇಳುವವರಿಲ್ಲ ಎಂಬುದಕ್ಕೆ ಈ ಜಿಲ್ಲೆಗೆ ಬೇರೆ ಸಾಕ್ಷಿ ಬೇಡ.

ಸ್ಥಳೀಯ ಸಂಸ್ಥೆಗಳ ಹೊಣೆಯೂ ಇದೆ. ಯಾವ ಸರ್ವೆ ನಂಬರಿನ ಲೇಔಟಿಗೆ ಮಂಜೂರಾತಿ ಇದೆ, ಯಾವುದಕ್ಕಿಲ್ಲ ಎಂಬ ಪಟ್ಟಿಯನ್ನು ಹುಮನಾಬಾದ್, ಬಸವಕಲ್ಯಾಣದ ಕಚೇರಿಗಳ ಗೋಡೆಗೆ ಕನ್ನಡದಲ್ಲಿ ಅಂಟಿಸಿದರೆ ನೂರಾರು ಕುಟುಂಬಗಳ ಉಳಿತಾಯ ಉಳಿಯುತ್ತದೆ. ಕೈಗಾರಿಕಾ ಪ್ರದೇಶಕ್ಕೂ ವಸತಿಗೂ ನಡುವೆ ಹಸಿರು ಅಂತರ ಬಿಡುವುದನ್ನು ಯೋಜನೆಯಲ್ಲೇ ಬರೆಯಬೇಕು.

ನನ್ನ ತೀರ್ಮಾನ ಇಷ್ಟು. ಹುಮನಾಬಾದ್ ಬೆಳೆಯುತ್ತದೆ, ಬಸವಕಲ್ಯಾಣವೂ ಬೆಳೆಯುತ್ತದೆ, ನಿಧಾನವಾಗಿ. ಇಲ್ಲಿ ಮನೆ ಕಟ್ಟಿ ಬದುಕುವವರು, ಊರಿಗೆ ತಾಗಿದ ಮಂಜೂರಾದ ಲೇಔಟಿನಲ್ಲಿ, ಸ್ವಂತ ಹಣದಲ್ಲಿ ಒಂದು ಪ್ಲಾಟು ಕೊಂಡರೆ ಕೆಡುವುದಿಲ್ಲ. ಸಾಲ ಮಾಡಿ, ಕಾರ್ಖಾನೆಯ ಸುದ್ದಿ ನಂಬಿ, ಮೂರು ವರ್ಷದಲ್ಲಿ ಮಾರುವ ಆಸೆಯಿಂದ ಕೊಳ್ಳುವವರಿಗೆ ಈ ನೆಲ ಇನ್ನೂ ಸಿದ್ಧವಿಲ್ಲ. ಬಯಾನಾ ಕೊಡುವ ಮುನ್ನ ಆ ಜಾಗಕ್ಕೆ ಮೂರು ಸಲ ಹೋಗಿ: ಬೇಸಿಗೆಯಲ್ಲಿ ನೀರು ನೋಡಲು, ಮಳೆಗಾಲದಲ್ಲಿ ದಾರಿ ನೋಡಲು, ನಡುರಾತ್ರಿಯಲ್ಲಿ ಗಾಳಿಯ ವಾಸನೆ ನೋಡಲು. ಮೂರನ್ನೂ ನೋಡಿ ಬಂದ ಮೇಲೂ, ಮನೆಮಗಳ ಸಹಿ ಇಲ್ಲದ ಕಾಗದಕ್ಕೆ ಒಂದು ರೂಪಾಯಿ ಕೊಡಬೇಡಿ.